ಸಾಗರ ಅಂದರೆ ನಿಲ್ಲುವ ಪರದೆ

ಕಾಗದನಗರ, ಭದ್ರಾವತಿ
ಅಕ್ಟೋಬರ್ ೧೯೯೯, ಭಾನುವಾರ ಮಧ್ಯಾಹ್ನ

ಹೊಟ್ಟೆಯೊಳಗೆ ಕಾಲು ಚಾಚಿಕೊಂಡು ಮಲಗಿರುವ ನನ್ನ ಕೂಸೇ,

ನಿನ್ನನ್ನು ಮಾರಾಯ ಅನ್ನಬೇಕೋ ಮಾರಾಯ್ತಿ ಅನ್ನಬೇಕೋ ಗೊತ್ತಿಲ್ಲ. ನಿನ್ನ ಅಜ್ಜಿ ಚಿನ್ನಮ್ಮ ನನ್ನ ನಡಿಗೆ ನೋಡಿ ಹೆಣ್ಣು ಅನ್ನುತ್ತಾರೆ, ಪಕ್ಕದ ಕ್ವಾರ್ಟರ್ಸಿನ ತಮಿಳಮ್ಮ ನನ್ನ ಮುಖ ನೋಡಿ ಗಂಡು ಅನ್ನುತ್ತಾರೆ. ಅವರಿಬ್ಬರೂ ಬೇಕಾದರೆ ಜಗಳವಾಡಿಕೊಳ್ಳಲಿ. ನನಗೆ ನಿನ್ನ ಹತ್ತಿರ ಬೇರೆ ಮಾತಿದೆ. ಹೋದ ತಿಂಗಳು ನೀನು ನಿನ್ನಮ್ಮನ ಕೆಲಸಕ್ಕೇ ಸಂಚಕಾರ ತಂದಿದ್ದೆ. ಹೌದು, ನೀನೇ. ಹುಟ್ಟುವ ಮೊದಲೇ ಒಬ್ಬ ಇಂಜಿನಿಯರನ್ನು ಶಿವಮೊಗ್ಗದಿಂದ ಭದ್ರಾವತಿಗೆ ಓಡಾಡಿಸಿದ ಕೀರ್ತಿ ನಿನ್ನದು. ಇದನ್ನು ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ, ಈಗ ಉಬ್ಬಿರುವುದೇ ಸಾಕಾಗಿದೆ.

ನಿನ್ನಮ್ಮ ಎಂಥವಳು ಅಂತ ಮೊದಲು ತಿಳಿದುಕೋ. ಕಾರಣ ಗೊತ್ತಾಗದಿದ್ದರೆ ಅನ್ನ ಇಳಿಯದವಳು. ಶಾಲೆಯಿಂದ ಸಕ್ರೆಬೈಲಿಗೆ ಕರೆದುಕೊಂಡು ಹೋದಾಗ ಮಿಕ್ಕವರೆಲ್ಲ ಆನೆಗೆ ಬೆಲ್ಲ ತಿನ್ನಿಸುತ್ತಿದ್ದರೆ ನಾನು ಮಾವುತನ ಹಿಂದೆ ಬಿದ್ದು, ಯಾವ ಕಾಲಿನಿಂದ ಒತ್ತಿದರೆ ಆನೆ ಯಾವ ಕಡೆ ತಿರುಗುತ್ತದೆ ಅಂತ ಕೇಳಿ ಕೇಳಿ ಅವನ ತಲೆ ತಿಂದಿದ್ದೆ. ನಿನ್ನಪ್ಪ ಯೋಗರಾಜ್ ಹೇಳುತ್ತಿರುತ್ತಾರೆ, "ಶೀಲಾ, ದೇವರು ಪ್ರತ್ಯಕ್ಷ ಆದ್ರೂ ನೀನು ವರ ಕೇಳಲ್ಲ ಮಾರಾಯ್ತಿ, ಯಾವ ಬಸ್ಸಿಗೆ ಬಂದ್ರಿ ಅಂತ ಕೇಳ್ತೀಯ." ಕೇಳಿದರೆ ತಪ್ಪೇನು? ಎಲ್ಲಿಂದಲೋ ಬಂದಿರಲೇಬೇಕಲ್ಲ.

ನಾನು ಕೂರುವುದು ಬಿ.ಎಚ್. ರಸ್ತೆಯ ಒಂದು ಪಾರ್ಸೆಲ್ ಆಫೀಸಿನಲ್ಲಿ. ಹೆಡ್ಡಾಫೀಸು ಶಿವಮೊಗ್ಗದಲ್ಲಿದೆ, ಬುಕಿಂಗೆಲ್ಲ ಹೋಗಿ ಸೇರುವ ದೊಡ್ಡ ಕಂಪ್ಯೂಟರ್ ಅಲ್ಲೇ ಇದೆ. ನನ್ನ ಮೇಜಿನ ಮೇಲಿನ ಕಂಪ್ಯೂಟರ್ ಫೋನ್ ಲೈನ್ ಹಿಡಿದು ಅದನ್ನು ಮಾತಾಡಿಸಬೇಕು. ಆದರೆ ಆ ದೊಡ್ಡದು ಹಳೇ ಕಾಲದ ಮನುಷ್ಯರ ಹಾಗೆ, ತನಗೆ ಗೊತ್ತಿರುವ ಟರ್ಮಿನಲ್ ಅನ್ನುವ ಹಳೇ ಯಂತ್ರದ ಜೊತೆ ಬಿಟ್ಟರೆ ಬೇರೆಯವರ ಜೊತೆ ಮಾತೇ ಆಡುವುದಿಲ್ಲ. ಅದಕ್ಕೆ ನಮ್ಮ ಕಂಪ್ಯೂಟರಿಗೆ ಟರ್ಮಿನಲ್ಲಿನ ವೇಷ ಹಾಕಿಸುವ ಒಂದು ಸಾಫ್ಟ್‌ವೇರ್ ಇದೆ, ಎಮ್ಯುಲೇಟರ್ ಅಂತ. ಆಟದ ನಡುವೆ ವೇಷದವನ ಮೀಸೆ ಜಾರುವ ಹಾಗೆ ಇದರ ವೇಷವೂ ಆಗಾಗ ಜಾರುತ್ತಿತ್ತು, ಅದೂ ಕೀಬೋರ್ಡಿನ ವಿಷಯದಲ್ಲೇ. ಅಳಿಸುವ ಕೀ ಒತ್ತಿದರೆ ಅಕ್ಷರ ಅಳಿಸುವ ಬದಲು ಒಂದು ಟೋಪಿಯಂಥ ಗುರುತು, ಪಕ್ಕದಲ್ಲೊಂದು ಎಚ್ ಬಂದು ಕೂರುತ್ತಿತ್ತು. ಬಾಣದ ಕೀ ಒತ್ತಿದರೆ ಮೇಲಿನ ಸಾಲಿಗೆ ಹೋಗುವ ಬದಲು ಕಂಸ, ಅಕ್ಷರ, ಏನೇನೋ ಕಸ.

ಹೆಡ್ಡಾಫೀಸಿನ ಇಂಜಿನಿಯರ್ ವಿಶ್ವಾರಾಧ್ಯ ಅಂಥವನ್ನೆಲ್ಲ ಫೋನಿನಲ್ಲೇ ಸರಿಮಾಡಿಸುತ್ತಿದ್ದರು. ನಾನು ಸರಿಯಾಯಿತು ಅಂತ ಫೋನ್ ಇಡುವವಳಲ್ಲ. ಯಾಕೆ ಹಾಗಾಯಿತು ಅಂತ ಕೇಳುತ್ತಿದ್ದೆ. ಪಾಪ, ಅವರು ಬೇಸರಪಡದೆ ಹೇಳುತ್ತಿದ್ದರು. "ಯಾವ ಕೀ ಒತ್ತಿದ್ರೆ ಯಾವ ಸಂಕೇತ ಆ ಕಡೆಗೆ ಹೋಗಬೇಕು ಅಂತ ಸಾಫ್ಟ್‌ವೇರಿನಲ್ಲಿ ಬರೆದಿಟ್ಟಿರುತ್ತೆ ಮೇಡಂ. ನಮ್ಮದು ಒಂದು ಹೇಳುತ್ತೆ, ಅಲ್ಲಿಯದು ಇನ್ನೊಂದು ತಿಳ್ಕೊಳ್ಳುತ್ತೆ. ಆ ಬರೆದಿರೋದನ್ನ ತಿದ್ದಿದರಾಯ್ತು." ಇದು ನನಗೆ ಬಹಳ ಹಿಡಿಸಿತು. ಕೀಬೋರ್ಡಿನ ಮೇಲೆ ಅಚ್ಚಾಗಿರುವ ಅಕ್ಷರ ಬರೀ ಹೆಸರು, ಅದರ ಕೆಲಸ ಏನು ಅನ್ನುವುದನ್ನು ನಾವು ಹೇಳಬಹುದು ಅಂತಾಯಿತಲ್ಲ.

ಈಗ ನಿನ್ನ ಕಿತಾಪತಿಗೆ ಬರುತ್ತೇನೆ. ಏಳನೇ ತಿಂಗಳಲ್ಲಿ ನಿನ್ನ ಅಜ್ಜಿ ನೆಂಟರನ್ನೆಲ್ಲ ಕರೆದು, ಬಯಕೆ ಊಟ ಹಾಕಿ, ನನ್ನ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಡಿಸಿದರು. ಆ ಸಂಭ್ರಮ ಮುಗಿಸಿ ಆಫೀಸಿಗೆ ಹೋದ ವಾರದಲ್ಲೇ ಪರದೆ ನಿಲ್ಲುವುದಕ್ಕೆ ಶುರುವಾಯಿತು. ಬುಕಿಂಗ್ ಹೊಡೆಯುತ್ತಿರುತ್ತೇನೆ, ಇದ್ದಕ್ಕಿದ್ದಂತೆ ಪರದೆ ಕಲ್ಲು. ಏನು ಒತ್ತಿದರೂ ಒಂದು ಅಕ್ಷರ ಮೂಡುವುದಿಲ್ಲ. ಮೋಡೆಮ್ಮಿನ ದೀಪ ಉರಿಯುತ್ತಲೇ ಇರುತ್ತದೆ, ಲೈನ್ ಕಟ್ಟಾಗಿಲ್ಲ. ಕಂಪ್ಯೂಟರ್ ಆರಿಸಿ, ಹಚ್ಚಿ, ಮತ್ತೆ ಡಯಲ್ ಮಾಡಿ, ಮೊದಲಿಂದ ಹೊಡೆಯಬೇಕು. ಅಷ್ಟರಲ್ಲಿ ಹೊರಗೆ ಲಾರಿಯವರು ಹಾರ್ನ್ ಹಾಕುತ್ತಾರೆ, ಹಮಾಲರು ಕಿಟಕಿಯಲ್ಲಿ ತಲೆ ತೂರಿಸಿ "ಏನಮ್ಮಾ, ಊಟಕ್ಕೆ ಕೂತ್ಕೊಳ್ತಾ ಇದು?" ಅಂತಾರೆ.

ವಿಚಿತ್ರ ಅಂದರೆ ಎಲ್ಲ ಊರಿನ ಪಾರ್ಸೆಲ್ಲಿಗೂ ಹಾಗಾಗುತ್ತಿರಲಿಲ್ಲ. ತರೀಕೆರೆ, ಬೀರೂರು, ಕಡೂರು ಅಂದರೆ ನೀರು ಕುಡಿದ ಹಾಗೆ ಹೋಗುತ್ತಿತ್ತು. ಸಾಗರ, ಸೊರಬ, ಶಿಕಾರಿಪುರ ಅಂದರೆ ನಿಂತಿತು. ಪ್ರತಿ ಸಲವೂ ಅಲ್ಲ, ಆದರೆ ನಿಂತಾಗೆಲ್ಲ ಆ ಕಡೆಯ ಊರೇ. ಹಮಾಲರು ಸಾಗರದ ರೋಡೇ ಸರಿಯಿಲ್ಲ ಅಂತ ತಮಾಷೆ ಮಾಡಿದರು. ನಮ್ಮ ಮ್ಯಾನೇಜರ್ ಶಿವಯೋಗಪ್ಪನವರು ಹಣೆಗೆ ಹಚ್ಚಿಕೊಂಡ ವಿಭೂತಿಯಲ್ಲೇ ಸ್ವಲ್ಪ ತೆಗೆದು ಪರದೆಗೂ ಮೂರು ಗೆರೆ ಎಳೆದರು. ಆವತ್ತೇ ಮಧ್ಯಾಹ್ನ ಹೊಸನಗರದ ಬುಕಿಂಗಿನಲ್ಲಿ ಇಂಗ್ಲಿಷಿನ ಮೊದಲ ಎರಡು ಅಕ್ಷರ ತೋರಿಸಿ, ವಿಭೂತಿ ಹಚ್ಚಿಕೊಂಡೇ ಪರದೆ ನಿಂತುಬಿಟ್ಟಿತು. ನಾನು ಆ ಎರಡು ಅಕ್ಷರವನ್ನೇ ನೋಡುತ್ತಾ ಕೂತೆ. ಮೂರನೆಯದು ಎಸ್. ಸಾಗರಕ್ಕೂ ಮೊದಲು ಎಸ್, ಸೊರಬಕ್ಕೂ ಎಸ್, ಶಿಕಾರಿಪುರಕ್ಕೂ ಎಸ್. ಅಂದರೆ ಊರಿನ ದೋಷವಲ್ಲ, ಒಂದು ಕೀ ಕಥೆ. ಖುಷಿಯಾಗಿ ಫೋನಿಗೆ ಓಡಿದೆ. ಓಡಿದೆ ಅಂದರೆ ನಿನ್ನನ್ನು ಹೊತ್ತುಕೊಂಡು ಎಷ್ಟು ಓಡಬಹುದೋ ಅಷ್ಟು.

ವಿಶ್ವಾರಾಧ್ಯ ಮಾರನೇ ದಿನವೇ ಬಂದರು, ಹೊಸ ಕೀಬೋರ್ಡ್ ತಂದು ಹಾಕಿದರು, ಸಾಫ್ಟ್‌ವೇರ್ ತೆಗೆದು ಮತ್ತೆ ತುಂಬಿದರು. ನನ್ನ ಕುರ್ಚಿಯಲ್ಲಿ ಕೂತು ಬೆಳಗಿಂದ ಸಂಜೆಯವರೆಗೆ ಸಾಗರ, ಸೊರಬ ಅಂತ ಹೊಡೆದದ್ದೇ ಹೊಡೆದದ್ದು. ಒಂದು ಸಲವೂ ನಿಲ್ಲಲಿಲ್ಲ. ಅವರ ಬಸ್ಸು ಮಾಚೇನಹಳ್ಳಿ ದಾಟಿತ್ತೋ ಇಲ್ಲವೋ, ನಾನು ಕೂತು ಶಿವಮೊಗ್ಗದ ಬುಕಿಂಗ್ ಹೊಡೆದೆ. ನಿಂತಿತು.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಊಟದ ಹೊತ್ತಿನಲ್ಲಿ ನನ್ನ ಬದಲು ಕೂರುವ ವೇದಾ ಎಂಬ ಹುಡುಗಿಗೆ ಯಾವ ತೊಂದರೆಯೂ ಇಲ್ಲ. ಇಂಜಿನಿಯರಿಗೂ ಇಲ್ಲ. ನಾನು ಕೂತರೆ ಮಾತ್ರ ಇದೆ. ಶಿವಯೋಗಪ್ಪನವರು ಕೆಟ್ಟವರಲ್ಲ, ಆದರೆ ಲಾರಿ ನಿಂತರೆ ಹೆಡ್ಡಾಫೀಸಿನಿಂದ ಬೈಸಿಕೊಳ್ಳುವವರು ಅವರೇ. "ಕಂಪ್ಯೂಟರಿಗೂ ಬಸುರಿಗೂ ಆಗಿಬರಲ್ಲ ಅಂತಾರಮ್ಮ, ಏನೋ ಕರೆಂಟಿನ ವಿಷಯ" ಅಂದರು. ಆಮೇಲೆ ಮೆಲ್ಲಗೆ ಅಸಲು ಮಾತಿಗೆ ಬಂದರು. ಈ ತಿಂಗಳೊಳಗೆ ಇದು ಸರಿಹೋಗದಿದ್ದರೆ ಆ ಜಾಗಕ್ಕೆ ವೇದಾಳನ್ನೇ ಕಾಯಂ ಮಾಡಬೇಕಾಗುತ್ತದೆ, ನಾನು ಹೆರಿಗೆಗೆ ಹೋದವಳು ಮತ್ತೆ ಬರುವ ತೊಂದರೆ ತಗೋಬೇಕಾಗಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ಕೇಳುವವರು ಯಾರೂ ಇಲ್ಲ. ಆ ಕುರ್ಚಿ ನನಗೆ ಎಷ್ಟು ಇಷ್ಟ ಅಂತ ನಿನಗೆ ಹೇಗೆ ಹೇಳಲಿ? ಮನೆಯಲ್ಲಿ ನಾನು ಸೊಸೆ, ಬೀದಿಯಲ್ಲಿ ಯೋಗರಾಜನ ಹೆಂಡತಿ. ಅಲ್ಲಿ ಮಾತ್ರ ನಾನು ಏನೋ ಕೇಳಿದರೆ ಉತ್ತರ ಕೊಡುವ ಒಂದು ಯಂತ್ರ ಇತ್ತು.

ಆವತ್ತೇ ವಿಶ್ವಾರಾಧ್ಯರಿಗೆ ಫೋನ್ ಮಾಡಿದೆ. ಅವರೂ ಸೋತಿದ್ದರು. "ಕೆಲವು ಸಲ ಹಾಗೇ ಆಗುತ್ತೆ ಮೇಡಂ, ಕಾರಣ ಇರಲ್ಲ" ಅಂದರು. ನಾನು ಎಷ್ಟು ಜೋರಾಗಿ ಬೈದೆ ಅಂದರೆ ಹಮಾಲರೆಲ್ಲ ಒಳಗೆ ಬಂದು ನಿಂತರು. ಪಾಪ, ವಿಶ್ವಾರಾಧ್ಯರಿಗೇನು ಗೊತ್ತು? ಆ ಮಾತನ್ನು ನಾನು ಮೊದಲೇ ಕೇಳಿದ್ದೆ.

ನಿನಗಿಂತ ಮೊದಲು ಇಬ್ಬರು ಬಂದಿದ್ದರು ಕೂಸೇ. ಇಬ್ಬರೂ ನಿಲ್ಲಲಿಲ್ಲ. ಬಳೆ ತೊಡಿಸುವ ತಿಂಗಳವರೆಗೂ ಬರಲಿಲ್ಲ. ಎರಡು ಸಲವೂ ನಾನು ಡಾಕ್ಟರಮ್ಮನನ್ನು ಯಾಕೆ ಅಂತ ಕೇಳಿದೆ. ನನ್ನ ಬೆನ್ನು ಸವರಿ "ಕೆಲವು ಸಲ ಹಾಗೇ ಆಗುತ್ತಮ್ಮ, ಕಾರಣ ಇರಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಅದು ಸಾಕಾಗಲಿಲ್ಲ. ಕೊಡ ಎತ್ತಿದ್ದೇ ಇರಬಹುದಾ, ಪಪ್ಪಾಯಿ ತಿಂದದ್ದಾ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತದ್ದಾ ಅಂತ ಒಂದೊಂದನ್ನೇ ಎತ್ತಿ ನೋಡಿದೆ. ನಿನ್ನಪ್ಪ ಒಂದು ದಿನ "ಸಾಕು ಬಿಡು ಶೀಲಾ" ಅಂತ ಅತ್ತುಬಿಟ್ಟರು. ಆಮೇಲೆ ಬಾಯಿ ಬಿಟ್ಟು ಕೇಳುವುದನ್ನು ನಿಲ್ಲಿಸಿದೆ. ಒಳಗೆ ನಿಲ್ಲಿಸಲಿಲ್ಲ. ಈಗ ಒಂದು ಪರದೆಯೂ ಕಾರಣವಿಲ್ಲದೆ ನಿಲ್ಲುತ್ತದೆ ಅಂದರೆ ನಾನು ಒಪ್ಪುವುದುಂಟಾ?

ಒಂದು ಶುಕ್ರವಾರ ಸಿಟ್ಟಿಗೆ ಕೀಬೋರ್ಡಿನ ಎಡಭಾಗವನ್ನೆಲ್ಲ ಬಡಿದೆ, ಮಾಡಬಾರದು ನಿಜ. ತಕ್ಷಣ ಪರದೆ ಎದ್ದುಬಿಟ್ಟಿತು. ಎದ್ದದ್ದಷ್ಟೇ ಅಲ್ಲ, ಅದು ನಿಂತಿದ್ದಾಗ ನಾನು ಒತ್ತಿದ ಅಕ್ಷರಗಳೆಲ್ಲ ದಬದಬ ಬಂದು ಬಿದ್ದವು. ಅಂದರೆ ಶಿವಮೊಗ್ಗದ ಯಂತ್ರ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇತ್ತು, ಬಾಯಿ ಮಾತ್ರ ಮುಚ್ಚಿಕೊಂಡಿತ್ತು. ಇದನ್ನು ಹೇಳಿದ ಕೂಡಲೇ ವಿಶ್ವಾರಾಧ್ಯ ಫೋನಿನಲ್ಲಿ "ಅಯ್ಯೋ" ಅಂದರು. ಆ ಹಳೇ ಯಂತ್ರಗಳಿಗೆ ಒಂದು ಸಂಜ್ಞೆ ಇದೆಯಂತೆ. ಕಂಟ್ರೋಲ್ ಕೀ ಒತ್ತಿ ಹಿಡಿದು ಎಸ್ ಒತ್ತಿದರೆ "ಸ್ವಲ್ಪ ಸುಮ್ಮನಿರು" ಅಂತ ಅರ್ಥ. ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ "ಈಗ ಹೇಳು" ಅಂತ. "ನೀವು ಕಂಟ್ರೋಲ್ ಒತ್ತುತ್ತಿದೀರಾ ಮೇಡಂ?" ಅಂತ ಕೇಳಿದರು. ಕೀಬೋರ್ಡಿನ ಎಡತುದಿಯ ಆ ಕೀ ಕಡೆಗೆ ನನ್ನ ಬೆರಳೇ ಹೋಗುವುದಿಲ್ಲ. ಆಣೆ ಮಾಡಿದೆ.

"ಹಾಗಾದ್ರೆ ಒಂದು ಕೆಲಸ ಮಾಡಿ" ಅಂದರು. ಎಮ್ಯುಲೇಟರಿನಲ್ಲೇ ಒಂದು ಪುಟ ಇದೆ, ನಾವು ಯಾವ ಕೀ ಒತ್ತಿದೆವು ಅಂತ ಅದು ತೋರಿಸುತ್ತದೆ. ಶಿವಯೋಗಪ್ಪನವರು ತಮ್ಮ ಮೇಜಿನ ಫೋನನ್ನು ವೈರ್ ಎಳೆದು ನನ್ನ ಮೇಜಿಗೆ ತಂದರು, ವೇದಾ ರಿಸೀವರನ್ನು ನನ್ನ ಕಿವಿಗೆ ಹಿಡಿದಳು. ಸಾಗರ ಅಂತ ಹೊಡೆದೆ. ಪರದೆಯ ಮೇಲೆ ಬಂತು: ಎಡ ಕಂಟ್ರೋಲ್, ಎಸ್. ನಾನು ತಲೆ ಬಗ್ಗಿಸಿ ನನ್ನ ಕೈ ನೋಡಿಕೊಂಡೆ. ಎಡಗೈ ಬಳೆಗಳೆಲ್ಲ ಜಾರಿ ಬಂದು ಕಂಟ್ರೋಲ್ ಕೀ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತಿದ್ದವು.

ನಗು ಬಂತು, ತಡೆಯುವುದಕ್ಕಾಗಲಿಲ್ಲ. ಅದರಲ್ಲಿ ನಿನ್ನ ಪಾಲು ಎಷ್ಟು ಗೊತ್ತಾ? ನೀನು ದಪ್ಪಗಾಗಿ ಮೇಜನ್ನು ಒದ್ದು ನನ್ನ ಕುರ್ಚಿಯನ್ನು ಹಿಂದೆ ತಳ್ಳಿದ್ದೆ. ನಾನು ಕೈ ಉದ್ದ ಚಾಚಬೇಕು, ಚಾಚಿದರೆ ಮಣಿಕಟ್ಟು ಕೀಬೋರ್ಡಿನ ಅಂಚಿಗೆ ಬೀಳಬೇಕು, ಬಿದ್ದರೆ ಬಳೆ ಕೀ ಮೇಲೆ. ಸಾಗರದ ನಡುವಿನ "ಎ" ಅಕ್ಷರ ಆಗಾಗ ನುಂಗಿಹೋಗುತ್ತಿದ್ದದ್ದೂ ಇದಕ್ಕೇ, ನನ್ನ ಅವಸರ ಅಂದುಕೊಂಡಿದ್ದೆ. ವಿಶ್ವಾರಾಧ್ಯರ ಕೈಯಲ್ಲಿ ಬಳೆ ಇಲ್ಲ, ವೇದಾಳ ಕೈಯಲ್ಲಿ ಒಂದು ಗಡಿಯಾರ. ಅವರಿಗೆ ಹೇಗೆ ನಿಲ್ಲಬೇಕು?

"ಅಷ್ಟೇ ತಾನೆ, ಕೆಲಸದ ಹೊತ್ತಿನಲ್ಲಿ ಬಳೆ ತೆಗೆದಿಟ್ಟುಬಿಡಿ ಮೇಡಂ" ಅಂದರು ವಿಶ್ವಾರಾಧ್ಯ. ಯಾರಾದರೂ ಹೇಳುವ ಮಾತೇ. ನಾನೂ ಸರಿ ಅಂದೆ. ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೈಗೆ ಸೋಪು ಹಚ್ಚಿದೆ. ಒಂದು ಬಳೆಯನ್ನು ಗೆಣ್ಣಿನವರೆಗೆ ತಂದೆ. ಅಲ್ಲಿಂದ ಮುಂದೆ ನನ್ನ ಬಲಗೈ ಎಳೆಯಲಿಲ್ಲ. ಹೆರಿಗೆಯಾಗುವವರೆಗೆ ಕೈ ಬರಿದು ಮಾಡ್ಕೋಬೇಡ ಅಂತ ಅಜ್ಜಿ ಹೇಳಿದ್ದರು. ಬಳೆಗೂ ಮಗುವಿಗೂ ಏನು ಸಂಬಂಧ ಅಂತ ಅವರ ಮುಖದ ಮೇಲೇ ಕೇಳಿದವಳು ನಾನು. ಈಗಲೂ ಸಂಬಂಧ ಇಲ್ಲ ಅಂತಲೇ ಹೇಳುತ್ತೇನೆ. ಆದರೆ ನಲ್ಲಿಯ ಹತ್ತಿರ ನಿಂತಾಗ ಒಂದು ಯೋಚನೆ ಬಂತು. ಬಳೆ ತೆಗೆದು, ಆಮೇಲೆ ನಿನಗೆ ಏನಾದರೂ ಆದರೆ, ನಾನು ಸಾಯುವವರೆಗೆ ಆ ಸೋಪು ಹಚ್ಚಿದ ಕೈಯನ್ನೇ ಎತ್ತಿ ಎತ್ತಿ ನೋಡುತ್ತೇನೆ. ನನ್ನನ್ನು ನಾನು ಬಲ್ಲೆ. ಹೆದರಿಕೆಯಾಯಿತು ಕೂಸೇ. ಬಳೆಯನ್ನು ಹಿಂದಕ್ಕೆ ಹಾಕಿ ಕೈ ತೊಳೆದುಕೊಂಡೆ.

ಬಳೆಗಳನ್ನು ಮೇಲೇರಿಸಿ ಕರವಸ್ತ್ರ ಕಟ್ಟಿ ನೋಡಿದೆ, ಊದಿದ ಕೈಗೆ ಗಾಜು ಒತ್ತಿ ನೋವಾಯಿತು. ಮಣಿಕಟ್ಟು ಎತ್ತಿಕೊಂಡೇ ಹೊಡೆದೆ, ಹೆಗಲು ಬಿದ್ದುಹೋಯಿತು. ಶಿವಯೋಗಪ್ಪನವರು ದೂರದಲ್ಲಿ ನಿಂತು ನೋಡುತ್ತಿದ್ದರು, ವೇದಾ ಎದ್ದು ಬರಲಾ ಅನ್ನುವಂತೆ ನೋಡುತ್ತಿದ್ದಳು. ಕುರ್ಚಿ ಹೋಯಿತು ಅಂತಲೇ ಅಂದುಕೊಂಡೆ. ಆಗ ನನಗೆ ಹೊಳೆದದ್ದು, ಕೀ ಕೆಲಸ ಏನು ಅಂತ ನಾವೇ ಹೇಳಬಹುದಲ್ಲ ಅಂತ. ಮತ್ತೆ ಶಿವಮೊಗ್ಗಕ್ಕೆ ಫೋನ್ ಮಾಡಿ, "ಸಾರ್, ಬಳೆ ತೆಗೆಯಕ್ಕಾಗಲ್ಲ. ಆ ಎಡಗಡೆ ಕಂಟ್ರೋಲ್ ಕೀ ಸತ್ತುಹೋಗಿದೆ ಅಂತ ಸಾಫ್ಟ್‌ವೇರಿಗೆ ಹೇಳಕ್ಕಾಗಲ್ವಾ?" ಅಂದೆ. ಯಾಕೆ ತೆಗೆಯಕ್ಕಾಗಲ್ಲ ಅಂತ ಕೇಳುತ್ತಾರೆ, ಏನು ಹೇಳಲಿ ಅಂತ ಒದ್ದಾಡುತ್ತಿದ್ದೆ. ಅವರು ಕೇಳಲಿಲ್ಲ. "ಹೇಳಬಹುದು ಮೇಡಂ. ಎಡ ಕಂಟ್ರೋಲ್ ಜೊತೆ ಎಸ್ ಬಂದ್ರೆ ಬರೀ ಎಸ್ ಕಳಿಸು ಅಂತ ಬರೆಯೋಣ. ಒಂದೊಂದೇ ಅಕ್ಷರಕ್ಕೆ ಬರೀಬೇಕು, ತಾಳ್ಮೆ ಇದೆಯಾ?" ಅಂದರು. ನನಗೆ ತಾಳ್ಮೆ! ಎ ಇಂದ ಝಡ್‌ವರೆಗೆ ಅವರು ಹೇಳಿದ ಹಾಗೆ ಬರೆದೆ. ಕೊನೆಗೆ ಇದಕ್ಕೊಂದು ಹೆಸರು ಕೊಟ್ಟು ಉಳಿಸಿ ಅಂದರು. ಬಳೆ ಅಂತಲೇ ಕೊಟ್ಟೆ.

ಆಮೇಲೆ ಬೇಕೆಂದೇ ಮಣಿಕಟ್ಟನ್ನು ಒತ್ತಿ ಇಟ್ಟು ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ಶಿವಮೊಗ್ಗ ಅಂತ ಹೊಡೆದೆ. ಒಂದೂ ನಿಲ್ಲಲಿಲ್ಲ. ತಿಂಗಳು ಮುಗಿಯುವವರೆಗೂ ನಿಲ್ಲಲಿಲ್ಲ. ಹೊರಗೆ ನಿಂತ ಲಾರಿಯವರಿಗೆ ಏನು ತಿಳಿಯಬೇಕು ಇದರ ಸುಖ.

ಶಿವಯೋಗಪ್ಪನವರು ಹೆಡ್ಡಾಫೀಸಿಗೆ ಫೋನ್ ಮಾಡಿ, "ಯಂತ್ರದ್ದೇ ದೋಷ, ಸರಿಯಾಯ್ತು. ಶೀಲಾನೇ ಮುಂದುವರೀತಾರೆ, ಹೆರಿಗೆ ಮುಗಿಸ್ಕೊಂಡು ಬರೋವರೆಗೆ ವೇದಾ ನೋಡ್ಕೊಳ್ತಾಳೆ" ಅಂದರು. ನನಗೆ ತಡೆಯಲಿಲ್ಲ. "ಸಾರ್, ಯಂತ್ರದ ದೋಷ ಅಲ್ಲ ಅದು, ಬಳೇದು" ಅಂದೆ. ಅವರು ಫೋನಿಗೆ ಕೈ ಅಡ್ಡ ಹಿಡಿದು, "ಸುಮ್ನಿರಮ್ಮ. ತುಂಬಿದ ಬಸುರಿ ಕೈಬಳೆಗೆ ದೋಷ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ" ಅಂದರು. ಮನೆಗೆ ಬಂದು ಹೇಳಿದರೆ ನಿನ್ನ ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಬಳೆ ಸದ್ದು ಮಗೂಗೆ ಕೇಳ್ಸಲಿ ಅಂತ ತೊಡಿಸಿದ್ದು, ಶಿವಮೊಗ್ಗಕ್ಕೂ ಕೇಳ್ಸಿದೆ ಬಿಡು" ಅಂತ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದರು. ನಿನ್ನಪ್ಪ ಮಾತ್ರ ನನ್ನ ಎಡಗೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು.

ನಾಳೆಯಿಂದ ನನಗೆ ರಜೆ. ಡಾಕ್ಟರಮ್ಮ ಎಲ್ಲ ಸರಿಯಿದೆ ಅಂದಿದ್ದಾರೆ. ಮೊನ್ನೆ ಅವರ ಮುಂದೆ ಕೂತಾಗ ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆ ಇಬ್ಬರೂ ನಿಲ್ಲಲಿಲ್ಲ, ಈ ಮಗು ಹೇಗೆ ನಿಂತಿತು ಅಂತ. ಊಟ ಬದಲಾಯಿತಾ, ಮಾತ್ರೆಯಾ, ಬಳೆಯಾ, ನಾನು ಏನು ಬೇರೆ ಮಾಡಿದೆ? ಬಾಯಿ ತೆರೆದೆ. ನೀನು ಒಳಗೆ ಮಗ್ಗುಲು ಬದಲಿಸಿದೆ. ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಕೀಬೋರ್ಡಿನದು, ಆನೆಯದು, ದೇವರ ಬಸ್ಸಿನದು, ಇವೆಲ್ಲದರ ಕಾರಣ ನನಗೆ ಬೇಕು ಕೂಸೇ, ಬಿಡುವುದಿಲ್ಲ. ನೀನು ಬಾ. ನೀನು ಯಾಕೆ ಉಳಿದೆ ಅಂತ ನಾನು ಯಾರನ್ನೂ ಕೇಳುವುದಿಲ್ಲ.

ನೂರು ವರ್ಷ ಸುಖವಾಗಿರು, ನಿನ್ನ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಹೇಳುವವರು ನಿನಗೆ ಸಿಗಲಿ ಅಂತ ಹರಸುತ್ತಾ,

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಶೀಲಾ